ಅತ್ತೆ ತೀರಿಕೊಂಡ ವರ್ಷ ಮನೆಗೆ ಕ್ರಿಸ್‌ಮಸ್ ನಕ್ಷತ್ರ ಕಟ್ಟಬಹುದಾ?

ಪ್ರಶ್ನೆ: ನಾನು ಬೆಳೆದದ್ದು ತುಮಕೂರು ಕಡೆಯ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆಯಲ್ಲಿ. ಮದುವೆಯಾದ ಮೇಲೆ ಬೆಂಗಳೂರು, ಲಿಂಗರಾಜಪುರದಲ್ಲಿ ಮನೆ. ಆಗಸ್ಟ್ ಕೊನೆಯಲ್ಲಿ ಮಗಳಿಗೆ ಹತ್ತು ತುಂಬಿತು ಅಂತ ಹುಟ್ಟುಹಬ್ಬ ಜೋರಾಗಿಯೇ ಮಾಡಿದೆವು. ಅತ್ತೆಯೇ ಮುಂದೆ ನಿಂತು ಮಾಡಿಸಿದ್ದು. ಅದಾಗಿ ಎರಡು ವಾರಕ್ಕೆ ಅವರು ಹೃದಯಾಘಾತದಿಂದ ತೀರಿಕೊಂಡರು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು. ಆಮೇಲೆ ನನ್ನ ಗಂಡ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗಲು ಶುರು ಮಾಡಿದರು. ಅಲ್ಲಿನ ಪಾಸ್ಟರ್ ಪ್ರಕಾರ ಕ್ರಿಸ್‌ಮಸ್ ಸತ್ಯವೇದದಲ್ಲಿ ಇಲ್ಲ. ನಕ್ಷತ್ರ, ಕೇಕು, ಹುಟ್ಟುಹಬ್ಬ, ಡ್ಯಾನ್ಸ್ ಎಲ್ಲ ಲೋಕದ್ದು. ಈ ಸಲ ನಕ್ಷತ್ರ ಬೇಡ ಅಂತ ಗಂಡ ಹೇಳಿದ್ದಾರೆ. ನೆಂಟರೂ ಅಷ್ಟೇ, ಸಾವಾದ ಮನೆ, ವರ್ಷ ತುಂಬುವ ತನಕ ಹಬ್ಬ ಮಾಡಬಾರದು ಅಂತಾರೆ. ಹುಟ್ಟುಹಬ್ಬದಲ್ಲಿ ಜಾಸ್ತಿ ಕುಣಿದಿರಿ, ಅದಕ್ಕೇ ಹೀಗಾಯ್ತು ಅಂತ ಒಬ್ಬರು ನನ್ನ ಮುಖಕ್ಕೇ ಹೇಳಿದರು. ಮಗಳು ಸಂಡೇ ಸ್ಕೂಲ್ ಕಾರ್ಯಕ್ರಮದಲ್ಲಿ ಡ್ಯಾನ್ಸಿಗೆ ಹೆಸರು ಕೊಟ್ಟಿದ್ದಾಳೆ, ಅಪ್ಪನಿಗೆ ಹೇಳಿಲ್ಲ. ಮೊನ್ನೆ ಆಫೀಸಿನಲ್ಲಿ ಯಾವುದಕ್ಕೋ ಜೋರಾಗಿ ನಕ್ಕೆ, ತಕ್ಷಣ ಎದೆ ಧಸಕ್ ಅಂತು. ಮತ್ತೆ ಏನಾದರೂ ಆಗುತ್ತೇನೋ ಅನ್ನಿಸಿತು. ದೇವರ ಮಕ್ಕಳು ಇಷ್ಟು ಸಂತೋಷಪಡುವುದೇ ತಪ್ಪಾ?

ಉತ್ತರ: ತಾಯಿ, ನೀವು ಕೇಳಿರುವುದು ಮೂರು ಪ್ರಶ್ನೆ. ಸಾವಾದ ಮನೆಯಲ್ಲಿ ಹಬ್ಬ ಮಾಡಬಹುದಾ, ಕ್ರಿಸ್‌ಮಸ್ಸೇ ತಪ್ಪಾ, ಮಗಳು ಡ್ಯಾನ್ಸ್ ಮಾಡಬಹುದಾ. ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ಇವೆಲ್ಲದರ ಕೆಳಗೆ ಇರುವುದು ನೀವು ಕೊನೆಯಲ್ಲಿ ಬರೆದ ಮಾತು. ನಗುವುದಕ್ಕೇ ಭಯ. ಮೊದಲು ಅದನ್ನು ನೋಡೋಣ.

ಜಾಸ್ತಿ ನಗಬೇಡ, ಆಮೇಲೆ ಅಳಬೇಕಾಗುತ್ತೆ ಅನ್ನುವ ಮಾತು ನಮ್ಮೆಲ್ಲರ ಅಜ್ಜಿಯರ ಬಾಯಲ್ಲೂ ಇತ್ತು. ದೃಷ್ಟಿ ತಾಗುತ್ತೆ ಅನ್ನುವ ಅಂಜಿಕೆಯ ಜೊತೆಗೇ ಬಂದದ್ದು ಅದು. ಯಾವ ಧರ್ಮದವರ ಮನೆಯೂ ಇದಕ್ಕೆ ಹೊರತಲ್ಲ. ನಾವು ಅದಕ್ಕೆ 'ದೇವರು ಪರೀಕ್ಷೆ ಮಾಡ್ತಾನೆ' ಅಂತ ಇನ್ನೊಂದು ಹೆಸರು ಕೊಟ್ಟು ಒಳಗೆ ಇಟ್ಟುಕೊಂಡಿದ್ದೇವೆ, ಅಷ್ಟೇ. ಆದರೆ ಆ ಮಾತು ಹೇಳುವ ದೇವರು ಯಾರು? ನಾವು ನಕ್ಕಿದ್ದನ್ನೆಲ್ಲ ಬರೆದಿಟ್ಟುಕೊಂಡು ಮೀಟರ್ ಬಡ್ಡಿಯವನ ಹಾಗೆ ಕಣ್ಣೀರಿನಲ್ಲಿ ವಸೂಲಿ ಮಾಡುವವನು. ಯೇಸು ತಂದೆ ಅಂತ ಕರೆದ ದೇವರು ಇವನಲ್ಲ.

ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತ ಸುದ್ದಿ ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ತಪ್ಪಿತಸ್ಥರು ಅಂದುಕೊಂಡಿರಾ ಅಂತ ಯೇಸುವೇ ಕೇಳುತ್ತಾರೆ. ಇಲ್ಲ ಅಂತ ಉತ್ತರವನ್ನೂ ಅವರೇ ಕೊಡುತ್ತಾರೆ. ನಿಮ್ಮ ಅತ್ತೆಯ ಹೃದಯ ನಿಂತದ್ದಕ್ಕೆ ಕಾಯಿಲೆಯ ಕಾರಣ ಇತ್ತು. ಮೊಮ್ಮಗಳ ಹುಟ್ಟುಹಬ್ಬ ಅದಕ್ಕೆ ಕಾರಣ ಅಲ್ಲ. ನಿಮ್ಮ ಮುಖಕ್ಕೆ ಹಾಗೆ ಅಂದವರು ಯಾರೇ ಆಗಲಿ, ಅವರು ಹೇಳಿದ್ದು ಸುಳ್ಳು. ಇದನ್ನು ನಿಮ್ಮ ಮಗಳಿಗೂ ಬಾಯಿಬಿಟ್ಟು ಹೇಳಿ. ಹತ್ತು ವರ್ಷದ ಮಕ್ಕಳಿಗೆ ಇಂಥ ಮಾತು ಕಿವಿಗೆ ಬಿದ್ದಿರುತ್ತದೆ. ಅವು ಕೇಳುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತವೆ. 'ಅಜ್ಜಿ ನಿನ್ನ ಹುಟ್ಟುಹಬ್ಬದ ದಿನ ತುಂಬ ಖುಷಿಯಾಗಿದ್ದರು, ಅದರಿಂದ ಅವರಿಗೆ ಏನೂ ಆಗಲಿಲ್ಲ' ಅಂತ ಇಷ್ಟು ಹೇಳಿದರೆ ಸಾಕು.

ಇನ್ನು ಸಂತೋಷಪಡುವುದು ತಪ್ಪಾ ಅನ್ನುವುದು. ಸತ್ಯವೇದದಲ್ಲಿ ಸಂತೋಷಕ್ಕೆ ಅಪ್ಪಣೆಯೇ ಇದೆ. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ತೆಗೆದು ನೋಡಿ. ದೇವರ ಸನ್ನಿಧಿಗೆ ದೂರ ಜಾಸ್ತಿಯಾದರೆ ದಶಮಾಂಶವನ್ನು, ಅಂದರೆ ಬೆಳೆಯಲ್ಲಿ ದೇವರಿಗೆ ಕೊಡುವ ಹತ್ತನೇ ಒಂದು ಪಾಲನ್ನು, ಹಣ ಮಾಡಿಕೊಂಡು ಹೋಗಿ, ಅಲ್ಲಿ ಮನಸ್ಸಿಗೆ ಬೇಕಾದದ್ದು ಕೊಂಡು, ಮನೆಯವರೆಲ್ಲ ಕೂತು ತಿಂದು ಸಂತೋಷಪಡಿ ಅಂತ ಇದೆ. ದಶಮಾಂಶದ ಬಗ್ಗೆ ನಾವು ಎಷ್ಟೊಂದು ಪ್ರಸಂಗ ಕೇಳುತ್ತೇವೆ, ಈ ವಚನ ಓದಿದ್ದು ಮಾತ್ರ ಅಪರೂಪ. ಮುಂದೆ 16ನೇ ಅಧ್ಯಾಯದಲ್ಲಿ ಹಬ್ಬದ ಊಟಕ್ಕೆ ಯಾರೆಲ್ಲ ಇರಬೇಕು ಅಂತ ಪಟ್ಟಿ ಇದೆ. ಮಗ, ಮಗಳು, ಆಳು, ದೇವಾಲಯದ ಸೇವೆಯ ಕುಲದ ಲೇವಿಯ, ಪರದೇಶಿ, ತಂದೆಯಿಲ್ಲದ ಮಗು, ವಿಧವೆ. ಆ ಪಟ್ಟಿ ನೆನಪಿರಲಿ. ಒಂದು ಹಬ್ಬ ದೇವರಿಗೆ ಮೆಚ್ಚುಗೆಯಾ ಇಲ್ಲವಾ ಅಂತ ನೋಡುವುದಕ್ಕೆ ನಾನು ಯಾವಾಗಲೂ ಹಿಡಿಯುವುದು ಅದನ್ನೇ. ಊಟಕ್ಕೆ ಯಾರು ಕೂತಿದ್ದಾರೆ, ಯಾರು ಹೊರಗೆ ಉಳಿದರು?

ಸಂತೋಷಕ್ಕೆ ಎಷ್ಟು ಜಾಗ ಇದೆ ಅನ್ನುವುದು ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ದಿನಗಳನ್ನು ಎಣಿಸಿದರೂ ಗೊತ್ತಾಗುತ್ತದೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದ ತನಕ 46 ದಿನ. ನಾವು 40 ಅನ್ನುತ್ತೇವೆ, ಯಾಕೆಂದರೆ ಆರು ಭಾನುವಾರಗಳು ಲೆಕ್ಕಕ್ಕಿಲ್ಲ. ಭಾನುವಾರ ಪುನರುತ್ಥಾನದ ದಿನ, ಅವತ್ತು ಉಪವಾಸದ ದಿನ ಅಲ್ಲ. ಇನ್ನು ಈಸ್ಟರ್ ಕಾಲ, ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಪಂಚಾಶತ್ತಮ ಹಬ್ಬದ ತನಕ 50 ದಿನ. ಹಿಂದಿನವರು ಕಣ್ಣೀರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ದಿನ ಹರ್ಷಕ್ಕೆ ಕೊಟ್ಟಿದ್ದಾರೆ. ನಾವು ಲೆಂಟ್ ಅನ್ನು ಚೆನ್ನಾಗಿ ಆಚರಿಸುತ್ತೇವೆ, ಈಸ್ಟರ್ ಮಾತ್ರ ಬೆಳಗಿನ ಆರಾಧನೆ, ಮಧ್ಯಾಹ್ನದ ಬಿರಿಯಾನಿಗೆ ಮುಗಿದುಹೋಗುತ್ತದೆ.

ಈಗ ಪಾಸ್ಟರ್ ಮಾತಿಗೆ ಬರೋಣ. ಅದರಲ್ಲಿ ನಿಜವೂ ಇದೆ. ಡಿಸೆಂಬರ್ 25 ಅನ್ನುವ ತಾರೀಕು ಸತ್ಯವೇದದಲ್ಲಿಲ್ಲ. ರೋಮ್ ಸಭೆ 336ರ ಹೊತ್ತಿಗೆ ಆ ದಿನ ಆಚರಿಸುತ್ತಿತ್ತು ಅನ್ನುವುದಕ್ಕೆ ದಾಖಲೆ ಇದೆ. ಆ ದಿನವನ್ನೇ ಯಾಕೆ ಆರಿಸಿಕೊಂಡರು ಅನ್ನುವುದರಲ್ಲಿ ವಿದ್ವಾಂಸರಲ್ಲಿ ಎರಡು ಮಾತಿದೆ. ರೋಮನ್ನರ ಸೂರ್ಯನ ಹಬ್ಬದ ಜಾಗಕ್ಕೆ ತಂದರು ಅಂತ ಕೆಲವರು. ಮಾರ್ಚ್ 25ಕ್ಕೆ ಮರಿಯಳ ಗರ್ಭದಲ್ಲಿ ಬಂದರು ಅಂತ ಎಣಿಸಿ ಅಲ್ಲಿಂದ ಒಂಬತ್ತು ತಿಂಗಳು ಹಾಕಿದರು ಅಂತ ಇನ್ನು ಕೆಲವರು. ಎರಡರಲ್ಲಿ ಯಾವುದೇ ಆಗಲಿ, ನಾವು ಅವತ್ತು ಸೂರ್ಯನನ್ನು ಪೂಜಿಸುತ್ತಿಲ್ಲವಲ್ಲ. ನಕ್ಷತ್ರದ ಕಥೆ ಇನ್ನೂ ಸರಳ. ಒಳಗೆ ದೀಪ ಇಡುವ ಕಾಗದದ ನಕ್ಷತ್ರ 19ನೇ ಶತಮಾನದಲ್ಲಿ ಜರ್ಮನಿಯ ಮೊರೇವಿಯನ್ ಕ್ರೈಸ್ತರ ಶಾಲೆಯಲ್ಲಿ ರೇಖಾಗಣಿತದ ಪಾಠಕ್ಕೆ ಅಂತ ಮಾಡಿಸಿದ್ದು ಕ್ರಿಸ್‌ಮಸ್ ಅಲಂಕಾರವಾಗಿ ಹರಡಿತು. ಅದರಲ್ಲಿ ಅನ್ಯದೇವರ ಸುದ್ದಿ ಏನೂ ಇಲ್ಲ.

ಹುಟ್ಟುಹಬ್ಬದ ವಾದವೂ ಹೊಸದೇನಲ್ಲ. ಸತ್ಯವೇದದಲ್ಲಿ ಹುಟ್ಟುಹಬ್ಬ ಮಾಡಿಕೊಂಡವರು ಫರೋಹ ಮತ್ತು ಹೆರೋದ, ಎರಡು ಕಡೆಯೂ ಕೊಲೆಯಾಯ್ತು ಅಂತ ಮೂರನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಗೆನ್ ಬರೆದಿದ್ದರು. ಸರಿ, ಆದರೆ ಸ್ನಾನಿಕ ಯೋಹಾನ ಹುಟ್ಟಿದಾಗ ಎಲಿಸಬೇತಳ ನೆರೆಹೊರೆಯವರು, ನೆಂಟರು ಬಂದು ಅವಳ ಜೊತೆ ಸಂತೋಷಪಟ್ಟರು ಅಂತ ಲೂಕನೇ ಬರೆಯುತ್ತಾನಲ್ಲ. ಹೆರೋದನ ಮನೆಯಲ್ಲಿ ಅದೇ ಯೋಹಾನನ ಕೊಲೆಗೆ ಕಾರಣ, ಏನು ಕೇಳಿದರೂ ಕೊಡುತ್ತೇನೆ ಅಂದ ಅವನ ಜಂಬದ ಆಣೆ. ತಾರೀಕಲ್ಲ.

ಹಬ್ಬ ಬೇಡ ಅನ್ನುವವರು ಮೊದಲೂ ಇದ್ದರು. ಅವರನ್ನು ನಾನು ಹಗುರವಾಗಿ ನೋಡುವುದಿಲ್ಲ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್, ಈಸ್ಟರ್ ಎರಡನ್ನೂ ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರ ತನಕ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಷಿಲ್ಲಿಂಗ್ ದಂಡ. ಆದರೆ ಅದೇ 1647ರಲ್ಲಿ, ಅದೇ ಮನೋಭಾವದ ಸಭಾಪಾಲಕರು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೂತು ಮಕ್ಕಳಿಗಾಗಿ ಒಂದು ಪ್ರಶ್ನೋತ್ತರ ಬರೆದು ಮುಗಿಸಿದರು. ಮನುಷ್ಯ ಇರುವುದು ಯಾತಕ್ಕೆ ಅನ್ನುವುದೇ ಅದರ ಮೊದಲ ಪ್ರಶ್ನೆ. ದೇವರನ್ನು ಮಹಿಮೆಪಡಿಸುವುದಕ್ಕೆ, ಎಂದೆಂದಿಗೂ ಆತನಲ್ಲಿ ಆನಂದಿಸುವುದಕ್ಕೆ ಅಂತ ಉತ್ತರ. ಹಬ್ಬದ ದಿನ ಬೇಡ ಅಂದವರೂ ಆನಂದ ಬೇಡ ಅನ್ನಲಿಲ್ಲ. ನಿಮ್ಮ ಮನೆಯವರ ಜೊತೆ ಮಾತಾಡುವಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ. ದಿನಗಳ ವಿಚಾರದಲ್ಲಿ ಒಬ್ಬ ಒಂದು ರೀತಿ ಎಣಿಸಲಿ, ಇನ್ನೊಬ್ಬ ಇನ್ನೊಂದು ರೀತಿ ಎಣಿಸಲಿ, ಒಬ್ಬರಿಗೊಬ್ಬರು ತೀರ್ಪು ಮಾಡಬೇಡಿ ಅಂತ ಪೌಲ ರೋಮಾಪುರದವರಿಗೆ 14ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಕ್ರಿಸ್‌ಮಸ್ ಮಾಡದವನೂ ಕ್ರೈಸ್ತನೇ, ಮಾಡುವವಳೂ ಕ್ರೈಸ್ತಳೇ.

ಒಂದು ವಿಷಯದಲ್ಲಿ ನಾನು ಪಾಸ್ಟರ್ ಪರ. ಹಬ್ಬ ಅಂದರೆ ಬಾಟಲಿ ಅನ್ನುವ ಹಾಗೆ ಆಗಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. 24ರ ರಾತ್ರಿ ಆರಾಧನೆಗೆ ಬಂದು, 25ರ ಮಧ್ಯಾಹ್ನ ಗಂಡ ಎಲ್ಲಿ ಬಿದ್ದಿದ್ದಾನೋ ಅಂತ ಹುಡುಕಿಕೊಂಡು ಹೋಗುವ ಹೆಂಗಸರನ್ನು ನಾನು ಕಂಡಿದ್ದೇನೆ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆಯನ್ನು ಇದಕ್ಕೆ ನೆಪ ಮಾಡಿಕೊಳ್ಳುತ್ತಾರೆ. ಅಲ್ಲಿ ಆರು ಕಲ್ಲಿನ ಬಾನೆಗಳು, ಇವತ್ತಿನ ಲೆಕ್ಕದಲ್ಲಿ ಒಟ್ಟು ಐನೂರು ಲೀಟರ್ ಆಸುಪಾಸು ಅಥವಾ ಅದಕ್ಕೂ ಜಾಸ್ತಿ. ಇಡೀ ಊರು ಸೇರಿದ ಮದುವೆಗೆ, ಮದುವೆ ಮನೆಯವರ ಮಾನ ಉಳಿಸಲು ತೋರಿದ ಔದಾರ್ಯ ಅದು. ಒಬ್ಬ ಕುಡಿದು ಮನೆಯವರನ್ನು ಅಳಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಾಲ ಇನ್ನೊಂದು. ದೀಕ್ಷಾಸ್ನಾನಕ್ಕೆ ಹಾಲ್ ಬಾಡಿಗೆ, ಕೇಟರಿಂಗು, ಸ್ಟೇಜು ಅಂತ ಚೀಟಿ ಎತ್ತಿ ಖರ್ಚು ಮಾಡಿ ಎರಡು ವರ್ಷ ಕಟ್ಟುವವರಿದ್ದಾರೆ. ಕೊರಿಂಥದ ಸಭೆಯಲ್ಲಿ ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದಿದ್ದಾನೆ, ಇದನ್ನು ಕರ್ತನ ಭೋಜನ ಅನ್ನಲಾಗದು ಅಂತ ಪೌಲ ಬೈದದ್ದು ಇಂಥದಕ್ಕೇ. ಇದನ್ನೆಲ್ಲ ನೋಡಿದ ಒಬ್ಬ ಪಾಸ್ಟರ್ ಎಲ್ಲವನ್ನೂ ಒಟ್ಟಿಗೆ ಬೇಡ ಅಂದರೆ ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ನಿಮ್ಮ ಮನೆಯ ಹಬ್ಬ ಹಾಗಿರಲಿಲ್ಲ ಅಂತ ನಿಮ್ಮ ಪತ್ರದಿಂದ ಕಾಣುತ್ತದೆ.

ನಮ್ಮ ಕನ್ನಡ ಸಭೆಗಳ ಹಾರ್ವೆಸ್ಟ್ ಹಬ್ಬ ನಿಮಗೆ ನೆನಪಿರಬೇಕು. ಬಾಳೆಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ನಾಟಿಕೋಳಿ, ಮನೆಯಲ್ಲಿ ಮಾಡಿದ ಕೇಕು ಎಲ್ಲ ಬಲಿಪೀಠದ ಮುಂದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಒಂದು ತೆಂಗಿನಕಾಯಿ ಐನೂರಕ್ಕೆ ಹೋಗುತ್ತದೆ. ಕೂಗಿದವನು ಅದನ್ನು ವಾಪಸ್ ಕೊಟ್ಟು ಮತ್ತೆ ಹರಾಜು ಹಾಕಿ ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಒಂಟಿ ಅಜ್ಜಿಯ ಚೀಲಕ್ಕೆ ಯಾರೋ ಸೋರೆಕಾಯಿ, ಮೊಟ್ಟೆ ಹಾಕಿ ಹೋಗಿರುತ್ತಾರೆ. ಧರ್ಮೋಪದೇಶಕಾಂಡದ ಆ ಪಟ್ಟಿ ನನಗೆ ಕಣ್ಣಾರೆ ಕಾಣುವುದು ಅಲ್ಲಿ.

ಈಗ ನಿಮ್ಮ ಗಂಡನ ವಿಷಯ. ನೀವು ಬರೆದ ಕ್ರಮವನ್ನು ಇನ್ನೊಂದು ಸಲ ನೋಡಿ. ಅಮ್ಮನ ಸಾವು ಮೊದಲು, ಹೊಸ ಕೂಟ ಆಮೇಲೆ, ನಕ್ಷತ್ರ ಬೇಡ ಅನ್ನುವುದು ಅದರ ನಂತರ. ಮನೆಗಳಲ್ಲಿ ಸಾವಾದ ಮೇಲೆ ಗಂಡಸರು ಎರಡು ದಾರಿಗೆ ಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಕೆಲವರು ಕುಡಿತಕ್ಕೆ, ಕೆಲವರು ಕಟ್ಟುನಿಟ್ಟಿಗೆ. ಕಟ್ಟುನಿಟ್ಟು ಎಷ್ಟೋ ಮೇಲು, ನಿಜ. ಆದರೆ ಅದರ ಒಳಗೂ ಅಳು ಇರುತ್ತದೆ. ಅಮ್ಮ ಇಲ್ಲದ ಮನೆಯಲ್ಲಿ ಅಮ್ಮ ಕಟ್ಟಿಸುತ್ತಿದ್ದ ನಕ್ಷತ್ರ ನೋಡಲು ನನ್ನ ಕೈಲಾಗಲ್ಲ ಅಂತ ಹೇಳುವುದು ಗಂಡಸಿಗೆ ಕಷ್ಟ. ಇದು ಸತ್ಯವೇದದಲ್ಲಿಲ್ಲ ಅನ್ನುವುದು ಸುಲಭ. ನಾನು ನಿಮ್ಮ ಮನೆಯವರನ್ನು ಕಂಡಿಲ್ಲ, ಹೀಗೇ ಅಂತ ಹೇಳಲಾರೆ. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ನಕ್ಷತ್ರದ ಬಗ್ಗೆ ವಾದ ಮಾಡುತ್ತಿರಲಿಲ್ಲ. ಅತ್ತೆಯ ಬಗ್ಗೆ ಮಾತು ತೆಗೆಯುತ್ತಿದ್ದೆ. ರಾತ್ರಿ ಊಟ ಆದ ಮೇಲೆ, ಮಗಳು ಮಲಗಿದ ಮೇಲೆ, 'ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿಸ್ತಿದ್ದರು ಅಲ್ವಾ' ಅಂತ ಶುರು ಮಾಡಿ. ಅವರು ಎದ್ದು ಹೋಗಬಹುದು. ಹೋಗಲಿ ಬಿಡಿ, ಇನ್ನೊಂದು ದಿನ ನೋಡೋಣ.

ವರ್ಷ ತುಂಬುವ ತನಕ ಹಬ್ಬ ಇಲ್ಲ ಅನ್ನುವ ನೆಂಟರ ಮಾತು ಸತ್ಯವೇದದ ನಿಯಮ ಅಲ್ಲ, ನಾಡಿನ ರೂಢಿ. ಇಸ್ರಾಯೇಲರು ಮೋಶೆಗಾಗಿ, ಆರೋನನಿಗಾಗಿ 30 ದಿನ ಗೋಳಾಡಿದರು, ಆಮೇಲೆ ಗೋಳಾಟದ ದಿನಗಳು ಮುಗಿದವು ಅಂತ ಇದೆ. ಆದರೆ ರೂಢಿಯಲ್ಲಿ ಒಂದು ಒಳ್ಳೆಯ ಗುಣ ಇದೆ. ಸಾವಾದ ಮನೆಯಲ್ಲಿ ಬಾಣಲೆ ಇಡುವುದಿಲ್ಲ, ಅಕ್ಕಪಕ್ಕದವರು ತಿಂಡಿ ತಂದುಕೊಡುತ್ತಾರೆ. ನೆಹೆಮೀಯನ 8ನೇ ಅಧ್ಯಾಯದಲ್ಲಿ ಇದೇ ಇದೆ. ಎಜ್ರ ಬೆಳಗಿನಿಂದ ಮಧ್ಯಾಹ್ನದ ತನಕ ಧರ್ಮಶಾಸ್ತ್ರ ಓದುತ್ತಾನೆ, ಕೇಳಿದ ಜನ ಅಳುತ್ತಾರೆ. ಅಳಬೇಡಿ, ಹೋಗಿ ಒಳ್ಳೆಯ ಊಟ ಮಾಡಿ, ಯಾರಿಗೆ ಏನೂ ಸಿದ್ಧವಾಗಿಲ್ಲವೋ ಅವರ ಮನೆಗೂ ಒಂದು ಪಾಲು ಕಳಿಸಿ ಅಂತ ಅವರಿಗೆ ಹೇಳಲಾಗುತ್ತದೆ. ದೇವರು ಕೊಡುವ ಆನಂದವೇ ನಿಮ್ಮ ಬಲ ಅನ್ನುವ ಪ್ರಸಿದ್ಧ ಮಾತು ಬರುವುದು ಆ ಪಾಲು ಕಳಿಸುವ ಮಾತಿನ ಬೆನ್ನಿಗೇ. ಕಣ್ಣು ಒರೆಸಿಕೊಂಡು ಬಂದವರ ಹಬ್ಬ ಅದು.

ದುಃಖ ಪೂರ್ತಿ ಹೋದ ಮೇಲೆ ಸಂತೋಷ ಅಂತ ಕಾಯಬೇಕಾಗಿಲ್ಲ. ಪೌಲ ಸೆರೆಯಿಂದ ಫಿಲಿಪ್ಪಿಯವರಿಗೆ ಬರೆದ ನಾಲ್ಕೇ ಅಧ್ಯಾಯದ ಪತ್ರದಲ್ಲಿ ಸಂತೋಷಪಡಿ ಅಂತ ಮತ್ತೆ ಮತ್ತೆ ಹೇಳುತ್ತಾನೆ. ಅದೇ ಪತ್ರದಲ್ಲಿ, ತನ್ನ ಜೊತೆಗಾರ ಎಪಫ್ರೊದೀತ ಕಾಯಿಲೆಯಲ್ಲಿ ಸತ್ತಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಅಂತಲೂ ಬರೆಯುತ್ತಾನೆ. ಯಾವಾಗಲೂ ನಗುಮುಖ ಇರಬೇಕು, ಸ್ತೋತ್ರ, ಎಲ್ಲ ಚೆನ್ನಾಗಿದೆ ಅನ್ನಬೇಕು ಅಂತ ಒತ್ತಾಯ ಮಾಡುವ ಸಭೆಗಳೂ ಇವೆ. ಅದೂ ತಪ್ಪೇ. ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟವೇ ಇದೆ.

ಹಾಗಾದರೆ ಈ ಡಿಸೆಂಬರ್‌ನಲ್ಲಿ ಏನು ಮಾಡುವುದು? ಏನೂ ಮಾಡದೆ ಇರಬಹುದು. ಜಗಳ ತಪ್ಪುತ್ತದೆ, ನೆಂಟರ ಬಾಯಿ ಮುಚ್ಚುತ್ತದೆ. ಆದರೆ ಸಂತೋಷಕ್ಕೂ ಸಾವಿಗೂ ಸಂಬಂಧ ಇದೆ ಅನ್ನುವ ಆ ಭಯ ಮಗಳ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ, ನಿಮ್ಮಲ್ಲೂ. ಇಲ್ಲದಿದ್ದರೆ ಗಂಡ ಬೇಡ ಅಂದರೂ ಎಂದಿನ ಹಾಗೆ ಪೂರ್ತಿ ಹಬ್ಬ ಮಾಡಬಹುದು. ಇದನ್ನು ನಾನು ಬೇಡ ಅನ್ನುತ್ತೇನೆ. ಅಮ್ಮನನ್ನು ಕಳಕೊಂಡವರ ಮನೆಯಲ್ಲೇ ಅವರನ್ನು ಒಂಟಿ ಮಾಡಿದ ಹಾಗಾಗುತ್ತದೆ, ಆಮೇಲೆ ಅವರಿಗೆ ಕೂಟವೇ ಮನೆಯಾಗುತ್ತದೆ.

ನನ್ನ ಸಲಹೆ ಇದು. 24ರ ಮಧ್ಯಾಹ್ನ ಮೂವರೂ ಅತ್ತೆಯ ಸಮಾಧಿಗೆ ಹೋಗಿ. ನವೆಂಬರ್ 2ರಂದು ಹೊಸೂರು ರಸ್ತೆ, ಕಲ್ಪಳ್ಳಿ ಸ್ಮಶಾನಗಳಲ್ಲಿ ಕಥೋಲಿಕರು ಹೂವು, ಮೇಣದಬತ್ತಿ ಹಿಡಿದು ಸಾಲುಗಟ್ಟುವುದನ್ನು ನೋಡಿರುತ್ತೀರಿ. ಅದನ್ನೇ ನೀವು ಹಬ್ಬದ ಹಿಂದಿನ ದಿನ ಮಾಡಿ. ಒಂದು ಪ್ರಾರ್ಥನೆ ನಿಮ್ಮ ಗಂಡನೇ ಮಾಡಲಿ. ಮನೆಗೆ ಬಂದು ನಕ್ಷತ್ರ ಕಟ್ಟುವುದು ಬಿಡುವುದು ಅವರಿಗೇ ಬಿಡಿ, ಆದರೆ ಮಗಳ ಮುಂದೆ ಕೇಳಿ. ಮರುದಿನ ಆರಾಧನೆ, ಕರ್ತನ ಭೋಜನ. ಮನೆಯಲ್ಲಿ ಅತ್ತೆಯ ಕಜ್ಜಾಯ ಒಂದೇ ಮಾಡಿದರೂ ಸಾಕು, ಅದರಲ್ಲಿ ಈ ವರ್ಷ ಸಾವಾದ ಇನ್ನೊಂದು ಮನೆಗೆ ಕಳಿಸಿ. ನಿಮ್ಮ ಬೀದಿಯಲ್ಲೋ ಸಭೆಯಲ್ಲೋ ಅಂಥ ಮನೆ ಇದ್ದೇ ಇರುತ್ತದೆ. ಇದರಲ್ಲೂ ಅಪಾಯ ಇಲ್ಲದಿಲ್ಲ. ಸಮಾಧಿಯ ಹತ್ತಿರ ಅವರು ತುಂಬ ಅಳಬಹುದು, ಮಗಳು ಗಾಬರಿಯಾಗಬಹುದು. ಅಪ್ಪ ಅಳುವುದನ್ನು ಅವಳು ನೋಡುವುದರಲ್ಲಿ ತಪ್ಪಿಲ್ಲ, ಮೊದಲೇ ಹೇಳಿ ಕರೆದುಕೊಂಡು ಹೋಗಿ. ಅವರು ನಕ್ಷತ್ರ ಬೇಡವೇ ಬೇಡ ಅಂದರೆ ಈ ವರ್ಷ ಬಿಟ್ಟುಬಿಡಿ. ನಕ್ಷತ್ರ ಇಲ್ಲದೆ ಕ್ರಿಸ್‌ಮಸ್ ಆಗುತ್ತದೆ.

ಮಗಳ ಡ್ಯಾನ್ಸ್ ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ದಾವೀದ ರಾಜ ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮುಂದೆ ಕುಣಿದ, ಕಿಟಕಿಯಿಂದ ನೋಡಿ ಹೀಯಾಳಿಸಿದವಳು ಅವನ ಹೆಂಡತಿ ಮೀಕಲ. 149, 150ನೇ ಕೀರ್ತನೆಗಳು ದೇವರನ್ನು ಕುಣಿದು ಸ್ತುತಿಸಿ ಅಂತಲೇ ಹೇಳುತ್ತವೆ. ಹತ್ತು ವರ್ಷದ ಹುಡುಗಿ ಸಂಡೇ ಸ್ಕೂಲಿನ ಸ್ನೇಹಿತೆಯರ ಜೊತೆ ಯೇಸುವಿನ ಜನನದ ಹಾಡಿಗೆ ಕುಣಿಯುವುದರಲ್ಲಿ ಪಾಪ ಇಲ್ಲ. ಆದರೆ ಅಪ್ಪನಿಗೆ ಗೊತ್ತಿಲ್ಲದ ಹಾಗೆ ಬೇಡ. ಕಾರ್ಯಕ್ರಮದ ದಿನ ಗೊತ್ತಾದರೆ ಅವಮಾನ ಆಗುವುದು ಅವಳಿಗೆ, ನಿಮಗಲ್ಲ. ಬೇಡ ಅಂತ ಅವರು ಹಟ ಹಿಡಿದರೆ ನಿಮ್ಮ ಸಭಾಪಾಲಕರನ್ನು ಮನೆಗೆ ಕರೆಯಿರಿ. ಆ ಪಾಸ್ಟರ್ ಜೊತೆ ನೀವು ನೇರವಾಗಿ ವಾದಕ್ಕೆ ಇಳಿಯಬೇಡಿ, ಅದರಿಂದ ಗಂಡ ಇನ್ನೂ ದೂರ ಹೋಗುತ್ತಾರೆ.

ಇನ್ನೊಂದು ಮುಖ್ಯ ಮಾತು. ತಾಯಿ ಹೋಗಿ ಮೂರು ತಿಂಗಳು ಮನಸ್ಸು ಭಾರವಾಗಿರುವುದು ಸಹಜ. ಆದರೆ ನಿಮ್ಮ ಗಂಡನಿಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ ಅಂದರೆ, ಇಲ್ಲವೇ ನಿಮ್ಮ ಎದೆ ಧಸಕ್ ಅನ್ನುವುದು ದಿನಾ ಆಗುತ್ತಿದ್ದರೆ, ಅದನ್ನು ವಿಶ್ವಾಸದ ಕೊರತೆ ಅಂದುಕೊಳ್ಳಬೇಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ನಿಮ್ಮೂರಲ್ಲೇ ಇದೆ. ಬದುಕೇ ಬೇಡ ಅನ್ನುವ ಮಾತು ಯಾರ ಬಾಯಲ್ಲಿ ಬಂದರೂ ಪ್ರಾರ್ಥನೆಯ ಜೊತೆಗೆ ಅವತ್ತೇ ಫೋನ್ ಮಾಡಿ, ನಾಳೆಗೆ ಇಡಬೇಡಿ.

ರಿಹರ್ಸಲ್ ಇಷ್ಟು ಹೊತ್ತಿಗೆ ಶುರುವಾಗಿರುತ್ತದೆ. ಮುಂದಿನ ಭಾನುವಾರದ ಒಳಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪನಿಗೆ ಹೇಳಿಬಿಡಿ. ಮಾತನ್ನು ಅವಳೇ ಶುರು ಮಾಡಲಿ.